ಮನೇಲೇ ಸುಧಾರಿಸ್ಕೊಳ್ಳೋದಾ, ಡಾಕ್ಟ್ರಿಗೆ ತೋರ್ಸೋದಾ, ಎಮರ್ಜೆನ್ಸಿಗೆ ಓಡೋದಾ?

ಹುಷಾರು ತಪ್ಪಿದಾಗ ಯಾವ ಮಾತ್ರೆ ತಗೋಬೇಕು ಅನ್ನೋಕಿಂತ ಮುಂಚೆ ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ನಾವೇ ತೀರ್ಮಾನ ಮಾಡ್ಬೇಕಾಗತ್ತೆ, ಅದೂ ಎಷ್ಟೋ ಸಲ ನಡುರಾತ್ರೀಲಿ, ಗಾಬರೀಲಿ, ಮನೆಯವರೆಲ್ಲ ಒಬ್ಬೊಬ್ರು ಒಂದೊಂದು ಹೇಳ್ತಿರುವಾಗ. ಇದನ್ನ ಯಾರೂ ನಮ್ಮನ್ನ ಕೂರಿಸ್ಕೊಂಡು ಹೇಳ್ಕೊಟ್ಟಿರಲ್ಲ. ಅದಕ್ಕೇ ಎರಡೂ ಕಡೆ ತಪ್ಪು ಮಾಡ್ತೀವಿ. ಮೂರು ದಿನದ ನೆಗಡಿಗೆ ಸ್ಪೆಷಲಿಸ್ಟ್ ಬಾಗಿಲಲ್ಲಿ ಎರಡು ಗಂಟೆ ಕೂರ್ತೀವಿ, ಎದೆ ಹಿಂಡಿದಂಗಾಗಿ ಬೆವರು ಕಿತ್ಕೊಂಡ್ರೆ ಮಾತ್ರ ಗ್ಯಾಸ್ ಇರ್ಬೇಕು ಬೆಳಗ್ಗೆ ನೋಡೋಣ ಅಂತ ಮಲಗ್ತೀವಿ. ನಾನು ಡಾಕ್ಟ್ರಲ್ಲ, ಮನೇಲಿ ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ವರ್ಷಗಟ್ಟಲೆ ನೋಡ್ಕೊಂಡವನು, ಆ ಓಡಾಟದಲ್ಲಿ ಕಲಿತಿದ್ದು, ಓದಿ ಡಾಕ್ಟ್ರ ಹತ್ರ ಕೇಳಿ ಖಾತ್ರಿ ಮಾಡ್ಕೊಂಡಿದ್ದು ಎರಡನ್ನೂ ಇಲ್ಲಿ ಬರೀತಿದೀನಿ.

ಯಾವ ದಾರಿ ಅಂತ ಆರಿಸೋಕೆ ನಾನು ಮೂರು ಪ್ರಶ್ನೆ ಕೇಳ್ಕೋತೀನಿ. ಒಂದು, ಇದು ಎಷ್ಟು ಬೇಗ ಬದಲಾಗ್ತಿದೆ, ನಿಮಿಷಗಳಲ್ಲಾ, ಗಂಟೆಗಳಲ್ಲಾ, ವಾರಗಳಲ್ಲಾ. ಎರಡು, ಇದು ಯಾರ ಮೈ, ಯಾಕಂದ್ರೆ ಅದೇ ಜ್ವರ ಮೂವತ್ತು ವರ್ಷದ ಗಟ್ಟಿಮುಟ್ಟಾದವನಿಗೆ ಬೇರೆ, ಎರಡು ತಿಂಗಳ ಕೂಸಿಗೆ ಬೇರೆ, ಬಸುರಿಗೆ ಬೇರೆ, ಕೀಮೋ ತಗೋತಿರೋರಿಗೆ ಬೇರೆ. ಮೂರು, ನಾನು ಹೋಗ್ತಿರೋ ಜಾಗದಲ್ಲಿ ಇದಕ್ಕೆ ಬೇಕಾದ್ದು ನಿಜವಾಗ್ಲೂ ಇದೆಯಾ. ಈ ಮೂರನೇದನ್ನ ಜನ ಕೇಳೋದೇ ಇಲ್ಲ, ಕಟ್ಟಡ ದೊಡ್ಡದಿದ್ರೆ ಎಲ್ಲಾ ಇರತ್ತೆ ಅನ್ಕೋತಾರೆ.

ಮನೇಲೇ ಇರೋದು ಯಾವಾಗ ಸರಿ

ನೆಗಡಿ, ಗಂಟಲು ಕೆರೆತ, ಮೈಕೈ ನೋವಿನ ಸಣ್ಣ ಜ್ವರ ಬಹಳಷ್ಟು ಸಲ ವೈರಸ್ಸಿಂದ್ಲೇ ಬರೋದು, 7ರಿಂದ 10 ದಿನದಲ್ಲಿ ಮೈಯೇ ಅದನ್ನ ಓಡಿಸತ್ತೆ. ಆಂಟಿಬಯಾಟಿಕ್ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲೆ ಅದು ಏನೂ ಮಾಡಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನ್ಸಿಲಿನ್ ಕಂಡುಹಿಡಿದ್ರು, 1945ರಲ್ಲಿ ನೊಬೆಲ್ ಭಾಷಣದಲ್ಲೇ ಅವರು ಎಚ್ಚರಿಸಿದ್ರು, ಸಾಲದಷ್ಟು ಡೋಸ್ ತಗೊಂಡ್ರೆ ಸೂಕ್ಷ್ಮಜೀವಿಗಳು ಔಷಧಿಗೆ ಬಗ್ಗದಂಗೆ ಗಟ್ಟಿಯಾಗ್ತವೆ ಅಂತ. ಆದ್ರೂ ನಾವು ಇವತ್ತಿಗೂ ಹಳೇ ಚೀಟಿಲಿ ಉಳಿದ ನಾಲ್ಕು ಮಾತ್ರೆ ಹುಡುಕಿ ನುಂಗ್ತೀವಿ, ದಯವಿಟ್ಟು ಬೇಡ.

ಜ್ವರ ಅಂದ್ರೆ ಎಷ್ಟು ಅನ್ನೋದೂ ಗೊತ್ತಿರ್ಲಿ, 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ದಾಟಿದ್ರೆ ಜ್ವರ. ಹಣೆ ಮುಟ್ಟಿ ಸುಡ್ತಿದೆ ಅನ್ನೋದಕ್ಕಿಂತ ಥರ್ಮಾಮೀಟರ್ ಇಟ್ಟು ಟೈಮ್ ಸಮೇತ ಬರೆದಿಟ್ರೆ ಆಮೇಲೆ ಡಾಕ್ಟ್ರಿಗೆ ಎಷ್ಟೋ ಉಪಯೋಗ. ಪ್ಯಾರಾಸಿಟಮಾಲ್ ಒಳ್ಳೇ ಔಷಧಿ, ಆದ್ರೆ ಅದಕ್ಕೂ ಒಂದು ಗೆರೆ ಇದೆ, ದೊಡ್ಡವರು 24 ಗಂಟೇಲಿ 4 ಗ್ರಾಂ, ಅಂದ್ರೆ 500 ಮಿಲಿಗ್ರಾಂನ 8 ಮಾತ್ರೆ ದಾಟಬಾರದು, ಲಿವರ್ ತೊಂದರೆ ಇದ್ರೆ ಅಥವಾ ಕುಡಿಯೋ ಅಭ್ಯಾಸ ಇದ್ರೆ ಇನ್ನೂ ಕಮ್ಮಿ. ಎಡವೋದು ಎಲ್ಲಿ ಅಂದ್ರೆ ನೆಗಡಿ ಮಾತ್ರೆ ಒಳಗೂ ಪ್ಯಾರಾಸಿಟಮಾಲ್ ಇರತ್ತೆ, ನೋವಿನ ಮಾತ್ರೆ ಒಳಗೂ ಇರತ್ತೆ, ಮೂರೂ ಸೇರಿ ಎಷ್ಟಾಯ್ತು ಅಂತ ಯಾರೂ ಕೂಡಿ ನೋಡಿರಲ್ಲ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರೋ ಹೆಸರು ಓದಿ, ಮುಂದಿರೋ ದಪ್ಪ ಹೆಸರು ಕಂಪನಿದು.

ವಾಂತಿ ಭೇದಿಗೂ ಮೊದಲ ದಿನ ಮನೇಲೇ ನಿಭಾಯಿಸ್ಬಹುದು, ಒಳಗೆ ಹೋಗ್ತಿರೋದು ಹೊರಗೆ ಹೋಗೋದಕ್ಕೆ ಸರಿದೂಗ್ತಿದ್ರೆ. ಇಲ್ಲಿ ಓಆರ್‌ಎಸ್ ಎಷ್ಟು ದೊಡ್ಡ ವಿಷಯ ಅಂತ ನಮಗೆ ಅಂದಾಜೇ ಇಲ್ಲ ಅನ್ಸತ್ತೆ. 1971ರಲ್ಲಿ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಖಾಲಿಯಾದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನೇ ಡ್ರಮ್ಮಲ್ಲಿಟ್ಟು ಕುಡಿಸಿ ಜನರನ್ನ ಉಳಿಸಿದ್ರು. ಕರುಳಲ್ಲಿ ಉಪ್ಪಿನಂಶ ಸಕ್ಕರೆ ಜೊತೆ ಸೇರಿದ್ರೇನೇ ಸಲೀಸಾಗಿ ಒಳಗೆ ಹೋಗೋದು, ನೀರು ಅದರ ಹಿಂದೆ ಹೋಗತ್ತೆ, ಗುಟ್ಟು ಇಷ್ಟೇ. ಪೊಟ್ಟಣ ಸಿಕ್ರೆ ಅದೇ ಒಳ್ಳೇದು, ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ. ಸಿಗ್ದೇ ಇದ್ರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾದ್ರೆ ಮಕ್ಕಳಿಗೆ ಅಪಾಯ, ಅದಕ್ಕೇ ಕೈ ಅಂದಾಜಲ್ಲಿ ಹಾಕ್ಬೇಡಿ. ವಾಂತಿ ಮಾಡ್ಕೊಂಡ್ರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು ಮಾಡಿ.

ಮನೆ ಸಾಕು ಅನ್ನೋದು ಯಾವಾಗ ಮುಗೀತು? ಜ್ವರ ಮೂರು ದಿನ ದಾಟಿದ್ರೆ, ಇಳಿದು ಆರಾಮಾಗಿ ಮತ್ತೆ ಏರಿದ್ರೆ, ಎಂಟು ಗಂಟೆಯಿಂದ ಮೂತ್ರಾನೇ ಆಗಿಲ್ಲ ಅಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ಮಗು ಆಟ ಬಿಟ್ಟು ಸೋತು ಮಲಗಿ ಕಣ್ಣು ಗುಳಿ ಬಿದ್ದಿದ್ರೆ. ಮೂರು ತಿಂಗಳ ಒಳಗಿನ ಕೂಸಿಗೆ 38 ಡಿಗ್ರಿ ಬಂತು ಅಂದ್ರೆ ಮನೆ ಅನ್ನೋ ಆಯ್ಕೇನೇ ಇಲ್ಲ, ಆವತ್ತೇ, ಆವಾಗ್ಲೇ ತೋರಿಸ್ಬೇಕು. ನೆಗಡಿ ಹೋಗಿ ಕೆಮ್ಮು ಮಾತ್ರ ಎಳೀತಿದ್ರೆ ಸ್ವಲ್ಪ ತಾಳ್ಮೆ ಇರ್ಲಿ, ಆದ್ರೆ ಎರಡು ವಾರ ದಾಟಿದ್ರೆ ಡಾಕ್ಟ್ರಿಗೆ ತೋರಿಸಿ, ಕಫದಲ್ಲಿ ರಕ್ತ, ತೂಕ ಇಳಿಯೋದು, ರಾತ್ರಿ ಬೆವರೋದು ಇದ್ರೆ ಎರಡು ವಾರಾನೂ ಕಾಯ್ಬೇಡಿ.

ನೋಡೋಕೆ ಏನೂ ಇಲ್ಲ ಅನ್ನಿಸಿದ್ರೂ ಮನೇಲಿ ಕೂರಬಾರದ ಒಂದು ಕೇಸ್ ಇದೆ, ನಾಯಿ ಕಡಿತ. ಸಣ್ಣ ಗೀರು ಅಂತ ಬಿಡೋರಿದಾರೆ. ರೇಬಿಸ್ ಲಕ್ಷಣ ಶುರುವಾದ್ಮೇಲೆ ಬದುಕೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ, ಅದಕ್ಕೇ ತಕ್ಷಣ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ವ್ಯಾಕ್ಸಿನ್ ಶುರು ಮಾಡಿಸ್ಬೇಕು.

ಮೆಡಿಕಲ್ ಸ್ಟೋರ್ ಕೌಂಟರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಓದಿರೋ ಫಾರ್ಮಸಿಸ್ಟ್ ಇದ್ರೆ ಈ ಎರಡು ಮಾತ್ರೆ ಒಟ್ಟಿಗೆ ತಗೋಬಹುದಾ, ಊಟಕ್ಕೆ ಮುಂಚೇನಾ ಆಮೇಲಾ ಅಂತ ಕೇಳೋಕೆ ಅವರೇ ಸರಿಯಾದ ಜನ. ನನಗೇನಾಗಿದೆ ಅಂತ ಕೇಳೋಕೆ ಅಲ್ಲ.

ಫ್ಯಾಮಿಲಿ ಡಾಕ್ಟ್ರಾ, ಸ್ಪೆಷಲಿಸ್ಟಾ

ನನಗೆ ತುಂಬಾ ಹೇಳ್ಬೇಕು ಅನ್ಸೋದು ಈ ವಿಷಯದಲ್ಲೇ. ನಮ್ಮತ್ತೆಗೆ ಬಿಪಿ ಇತ್ತು, ಅದಕ್ಕೊಬ್ಬ ಡಾಕ್ಟ್ರು ಬಿಪಿ ಮಾತ್ರೆ ಜೊತೆ ಮೂತ್ರ ಜಾಸ್ತಿ ಹೋಗೋ ಮಾತ್ರೇನೂ ಕೊಟ್ಟಿದ್ರು. ಮಂಡಿ ನೋವು ಅಂತ ಮೂಳೆ ಡಾಕ್ಟ್ರ ಹತ್ರ ಹೋದ್ರು, ಅವರು ಅಸೆಕ್ಲೋಫೆನಾಕ್ ಬರೆದ್ರು. ಕುತ್ತಿಗೆ ನೋವಿಗೆ ಇನ್ಯಾರೋ ಹೇಳಿದ ಇನ್ನೊಬ್ಬ ಸ್ಪೆಷಲಿಸ್ಟ್, ಅವರು ಡೈಕ್ಲೋಫೆನಾಕ್ ಬರೆದ್ರು. ಒಬ್ಬೊಬ್ಬರೂ ಅವರವರ ಕೆಲಸ ಸರಿಯಾಗೇ ಮಾಡಿದ್ರು, ಆದ್ರೆ ಒಬ್ಬರ ಚೀಟಿ ಇನ್ನೊಬ್ಬರು ನೋಡಿರ್ಲಿಲ್ಲ. ಎರಡು ತಿಂಗಳಿಗೆ ಕಾಲು ಊದ್ಕೊಳ್ತು, ಅತ್ತೆ ಈಗ ಕಾಲಿಗೆ ಯಾವ ಸ್ಪೆಷಲಿಸ್ಟ್ ಅಂತ ಕೇಳೋಕೆ ಶುರು ಮಾಡಿದ್ರು.

ಆವಾಗ ನಾನು ಹಳೇ ಕ್ಲಿನಿಕ್ಕಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಅವರು ಮೊದಲು ಕಾಲು ನೋಡ್ಲಿಲ್ಲ, ಮನೇಲಿರೋ ಮಾತ್ರೆ ಎಲ್ಲಾ ತನ್ನಿ ಅಂದ್ರು. ಬಟ್ಟೆ ಚೀಲದಲ್ಲಿ ತುಂಬ್ಕೊಂಡು ಹೋಗಿದ್ದನ್ನ ಮೇಜಿನ ಮೇಲೆ ಸುರಿದ್ರು, ಕನ್ನಡಕ ಹಣೆ ಮೇಲಿಟ್ಟು ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿನ ಅಕ್ಷರ ಓದ್ತಾ ಎರಡು ಗುಂಪು ಮಾಡಿದ್ರು. ಆಮೇಲೆ ಎರಡು ಸ್ಟ್ರಿಪ್ ಎತ್ತಿ ಹಿಡಿದು, ನೋಡಮ್ಮ ಇವೆರಡೂ ಅಣ್ಣತಮ್ಮಂದಿರು, ಒಂದೇ ಜಾತಿ ನೋವಿನ ಮಾತ್ರೆ, ನಿನ್ನ ಈ ಬಿಪಿ ಮಾತ್ರೆಗಳ ಜೊತೆ ಸೇರಿದ್ರೆ ಕಿಡ್ನಿಗೆ ಹೊಡೆತ ಅಂದ್ರು. ರಕ್ತ ಟೆಸ್ಟ್ ಮಾಡಿಸಿದ್ರೆ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋತಂಗೆಲ್ಲ ರಕ್ತದಲ್ಲಿ ಏರೋ ಅಂಶ, 1.9 ಇತ್ತು, ಇರ್ಬೇಕಾದ್ದಕ್ಕಿಂತ ಜಾಸ್ತಿ. ಎರಡೂ ನಿಲ್ಲಿಸಿದ್ರು, ಮಂಡಿಗೆ ಹಚ್ಚೋ ಮುಲಾಮು, ತೊಡೆ ಬಲ ಬರೋ ವ್ಯಾಯಾಮ ಹೇಳ್ಕೊಟ್ರು. ಮೂರು ತಿಂಗಳಿಗೆ ಕ್ರಿಯಾಟಿನಿನ್ ಇಳೀತು, ಪೂರ್ತಿ ಮೊದಲಿನಂಗೆ ಆಗ್ಲಿಲ್ಲ.

ಸ್ಪೆಷಲಿಸ್ಟ್ ಒಂದು ಅಂಗವನ್ನ ಆಳವಾಗಿ ನೋಡ್ತಾರೆ, ಫ್ಯಾಮಿಲಿ ಡಾಕ್ಟ್ರು ಆ ಅಂಗ ಇರೋ ಇಡೀ ಮನುಷ್ಯನ್ನ ವರ್ಷಗಟ್ಟಲೆ ನೋಡಿರ್ತಾರೆ. ಹೋದ ವರ್ಷ ತೂಕ ಎಷ್ಟಿತ್ತು, ಅಪ್ಪನಿಗೆ ಎಷ್ಟನೇ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು, ಯಾವ ಮಾತ್ರೆ ಒಗ್ಗಲ್ಲ, ಇದೆಲ್ಲ ಅವರ ತಲೇಲೇ ಇರತ್ತೆ. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ದೇಶಗಳೆಲ್ಲ ಸೇರಿ ಪ್ರಾಥಮಿಕ ಆರೋಗ್ಯ ಸೇವೆಯೇ ಬುನಾದಿ ಅಂತ ಘೋಷಣೆ ಹೊರಡಿಸಿದ್ದು ಸುಮ್ನೆ ಅಲ್ಲ. ಒಬ್ಬರೇ ಡಾಕ್ಟ್ರ ಹತ್ರ ವರ್ಷಾನುಗಟ್ಟಲೆ ತೋರಿಸ್ಕೊಳ್ಳೋರ ಬಗ್ಗೆ ಬೇರೆಬೇರೆ ದೇಶಗಳಲ್ಲಿ ಆದ 22 ಅಧ್ಯಯನಗಳನ್ನ 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ 18ರಲ್ಲಿ ಅಂಥವರಲ್ಲಿ ಸಾವಿನ ಪ್ರಮಾಣ ಕಮ್ಮಿ ಇತ್ತು. ಅದೊಂದೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ಆದ್ರೂ ನನಗೆ ಇದು ಆಶ್ಚರ್ಯ ಅನ್ನಿಸ್ಲಿಲ್ಲ.

ಹಾಗಂತ ಸ್ಪೆಷಲಿಸ್ಟ್ ಬೇಡ ಅಂತಲ್ಲ. ಹೊಸದಾಗಿ ಎದೇಲಿ ಗಂಟು ಕಂಡ್ರೆ, ಮಚ್ಚೆ ಬಣ್ಣ ಆಕಾರ ಬದಲಾದ್ರೆ, ಮುಟ್ಟು ನಿಂತು ವರ್ಷಗಳಾದ್ಮೇಲೆ ರಕ್ತ ಹೋದ್ರೆ, ನುಂಗೋಕೆ ದಿನದಿನಕ್ಕೂ ಕಷ್ಟ ಆಗ್ತಿದ್ರೆ, ಅಲ್ಲಿಗೆ ಬೇಗ ಹೋಗ್ಬೇಕು. ಹಲ್ಲು, ಕಣ್ಣು, ಹೆರಿಗೆ ಇವಕ್ಕೆ ನೇರವಾಗೇ ಹೋಗಿ. ಆಪರೇಶನ್ ಅಂದ್ರೆ, ಅರ್ಜೆಂಟ್ ಅಲ್ಲದಿದ್ರೆ, ಇನ್ನೊಬ್ಬರ ಅಭಿಪ್ರಾಯ ಕೇಳೋದ್ರಲ್ಲಿ ತಪ್ಪಿಲ್ಲ, ಒಳ್ಳೇ ಡಾಕ್ಟ್ರು ಅದಕ್ಕೆ ಮುನಿಸ್ಕೊಳ್ಳಲ್ಲ. ಆದ್ರೆ ಸುಸ್ತು, ತಲೆ ಸುತ್ತು, ತಲೆನೋವು, ಹೊಟ್ಟೆ ಸರಿ ಇಲ್ಲ ಅನ್ನೋ ಥರದ, ಯಾವ ಅಂಗದ್ದು ಅಂತಾನೇ ಗೊತ್ತಿಲ್ಲದ ತೊಂದರೆಗೆ ಯಾವ ಸ್ಪೆಷಲಿಸ್ಟ್ ಅಂತ ನೀವೇ ಊಹೆ ಮಾಡಿ ಹೋದ್ರೆ ಅರ್ಧ ಸಲ ತಪ್ಪು ಬಾಗಿಲು ತಟ್ಟಿರ್ತೀರಿ.

ವಿಡಿಯೋ ಕನ್ಸಲ್ಟೇಶನ್ ಈಗ ಸಲೀಸು. ರಿಪೋರ್ಟ್ ತೋರಿಸೋಕೆ, ನಡೀತಿರೋ ಔಷಧಿ ಮುಂದುವರಿಸೋಕೆ, ಚರ್ಮದ ಮೇಲಿನ ಗುಳ್ಳೆ ತೋರಿಸೋಕೆ, ಮನಸ್ಸಿನ ವಿಷಯ ಮಾತಾಡೋಕೆ ಅದು ಚೆನ್ನಾಗೇ ನಡೆಯತ್ತೆ. ಹೊಟ್ಟೆ ಒತ್ತಿ ನೋಡ್ಬೇಕಾದ್ದು, ಎದೆಗೆ ಸ್ಟೆತಸ್ಕೋಪ್ ಇಡ್ಬೇಕಾದ್ದು, ಕಿವಿ ಒಳಗೆ ನೋಡ್ಬೇಕಾದ್ದು ಫೋನಲ್ಲಿ ಆಗಲ್ಲ. ಹೊಕ್ಕಳ ಸುತ್ತ ಶುರುವಾಗಿ ಕೆಲವು ಗಂಟೇಲಿ ಬಲಗಡೆ ಕೆಳಹೊಟ್ಟೆಗೆ ಇಳಿದ ನೋವು ಅಪೆಂಡಿಕ್ಸ್ ಇರ್ಬಹುದು, ಅದಕ್ಕೆ ಕೈಯಿಂದ ಮುಟ್ಟಿ ನೋಡೋ ಡಾಕ್ಟ್ರೇ ಬೇಕು.

ಎಮರ್ಜೆನ್ಸಿ: ಇಲ್ಲಿ ಯೋಚ್ನೆ ಮಾಡ್ತಾ ಕೂರೋ ಹಾಗಿಲ್ಲ

ಸ್ಟ್ರೋಕ್, ಅಂದ್ರೆ ಲಕ್ವ ಹೊಡೆಯೋದು, ಇದನ್ನ ಎಲ್ಲರೂ ಬಾಯಿಪಾಠ ಮಾಡ್ಬೇಕು. ಮುಖ ಒಂದು ಕಡೆ ಜೋತು ಬಿತ್ತಾ, ನಗಿ ಅಂದ್ರೆ ಬಾಯಿ ಸೊಟ್ಟ ಆಗತ್ತಾ, ಎರಡೂ ಕೈ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿ ಅಂದ್ರೆ ಒಂದು ಕೈ ಜಾರತ್ತಾ, ಮಾತು ತೊದಲತ್ತಾ. ಮೂರರಲ್ಲಿ ಒಂದು ಹಠಾತ್ತಾಗಿ ಬಂದಿದ್ರೂ ಹೊರಡಿ. ಮೆದುಳಿನ ದೊಡ್ಡ ರಕ್ತನಾಳ ಕಟ್ಕೊಂಡ್ರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವೆ ಅಂತ ಲೆಕ್ಕ ಹಾಕಿದಾರೆ. ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ಶುರುವಾದ 4.5 ಗಂಟೆ ಒಳಗೆ ಕೊಡ್ಬೇಕು, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವ ಅಲ್ಲ ಅಂತ ಖಚಿತ ಮಾಡ್ಕೋಬೇಕು. ಅದಕ್ಕೇ ಮನೇಲಿ ಆಸ್ಪಿರಿನ್ ಕೊಡ್ಬೇಡಿ, ನೀರೂ ಕುಡಿಸ್ಬೇಡಿ, ನುಂಗೋಕಾಗದೆ ಶ್ವಾಸನಾಳಕ್ಕೆ ಹೋಗ್ಬಹುದು. ಕೊನೇ ಸಲ ಸರಿಯಾಗಿದ್ದಿದ್ದು ಎಷ್ಟು ಗಂಟೆಗೆ ಅನ್ನೋದನ್ನ ಬರ್ಕೊಳ್ಳಿ, ಅಲ್ಲಿ ಕೇಳೋ ಮೊದಲ ಪ್ರಶ್ನೆಗಳಲ್ಲಿ ಅದೊಂದು. ಹತ್ತು ನಿಮಿಷಕ್ಕೆ ತಾನೇ ಸರಿ ಹೋಯ್ತು ಅಂದ್ರೂ ಬಿಡ್ಬೇಡಿ, ಅದು ದೊಡ್ಡ ಸ್ಟ್ರೋಕ್‌ಗೆ ಮುನ್ಸೂಚನೆ ಇರ್ಬಹುದು.

ಹಾರ್ಟ್ ಅಟ್ಯಾಕ್ ಅಂದ್ರೆ ಎದೆ ಹಿಡ್ಕೊಂಡು ಬೀಳೋದು ಅನ್ನೋ ಚಿತ್ರ ನಮ್ಮ ತಲೇಲಿದೆ. ನಿಜದಲ್ಲಿ ಎಷ್ಟೋ ಸಲ ಅದು ಎದೆ ನಡುವೆ ಭಾರ ಇಟ್ಟಂಗೆ, ಹಿಂಡಿದಂಗೆ, ದವಡೆಗೋ ಎಡಗೈಗೋ ಬೆನ್ನಿಗೋ ಹರಿಯೋ ನೋವು, ತಣ್ಣಗೆ ಬೆವರು. ಹೆಂಗಸರಲ್ಲಿ, ಶುಗರ್ ಇರೋರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಉಸಿರು ಕಟ್ಟೋದು, ವಾಕರಿಕೆ, ವಿಪರೀತ ಸುಸ್ತು ಇಷ್ಟೇ ಇರ್ಬಹುದು. ರೋಗಿ ತಾನೇ ಗಾಡಿ ಓಡಿಸ್ಕೊಂಡು ಹೋಗ್ಲೇಬಾರದು. ಆಂಬುಲೆನ್ಸ್ ಬೇಗ ಬರೋ ಜಾಗ ಆದ್ರೆ ಅದೇ ಮೇಲು, ದಾರೀಲಿ ಹೃದಯ ನಿಂತ್ರೆ ಶಾಕ್ ಕೊಡೋ ಮಶೀನು ಸುಸಜ್ಜಿತ ಆಂಬುಲೆನ್ಸಲ್ಲಿ ಇರತ್ತೆ, ಕಾರಲ್ಲಿ ಇರಲ್ಲ.

ಇವೆರಡರ ಜೊತೆಗೆ: ಜೀವನದಲ್ಲೇ ಕಾಣದಂಥ ತಲೆನೋವು ಸಿಡಿಲು ಬಡಿದಂಗೆ ಬಂದ್ರೆ, ಜ್ವರದ ಜೊತೆ ಕುತ್ತಿಗೆ ಬಗ್ಗಿಸೋಕಾಗದಿದ್ರೆ, ಫಿಟ್ಸ್ 5 ನಿಮಿಷ ದಾಟಿದ್ರೆ, ಒತ್ತಿ ಹಿಡಿದ್ರೂ ರಕ್ತ ನಿಲ್ಲದಿದ್ರೆ, ಬಸುರಿಗೆ ರಕ್ತ ಹೋದ್ರೆ ಅಥವಾ ತೀವ್ರ ತಲೆನೋವು ಬಂದು ಕಣ್ಣು ಮಂಜಾದ್ರೆ ಅಥವಾ ಮಗು ಅಲುಗೋದು ಕಮ್ಮಿಯಾದ್ರೆ, ಬದುಕೋದೇ ಬೇಡ ಅಂತ ಯಾರಾದ್ರೂ ಗಟ್ಟಿ ಮನಸ್ಸು ಮಾಡಿ ಹೇಳಿದ್ರೆ. ಅದೂ ಎಮರ್ಜೆನ್ಸಿನೇ, ಒಂಟಿಯಾಗಿ ಬಿಡ್ಬೇಡಿ. ಇನ್ನೊಂದನ್ನ ಯಾರೂ ಹೇಳಲ್ಲ, ಹುಡುಗರಿಗೆ ವೃಷಣದಲ್ಲಿ ಹಠಾತ್ ಜೋರು ನೋವು ಬಂದ್ರೆ ಅದು ತಿರುಚ್ಕೊಂಡಿರ್ಬಹುದು, 6 ಗಂಟೆ ಒಳಗೆ ಆಪರೇಶನ್ ಆದ್ರೆ ಉಳಿಯೋ ಸಾಧ್ಯತೆ ಚೆನ್ನಾಗಿರತ್ತೆ. ಹದಿನಾಲ್ಕು ವರ್ಷದವನು ನಾಚಿಕೆಯಿಂದ ಹೊಟ್ಟೆನೋವು ಅಂತಷ್ಟೇ ಹೇಳಿ ರಾತ್ರಿಯಿಡೀ ಮುದುಡಿ ಮಲಗಿರ್ತಾನೆ, ಮನೇಲಿ ಗಂಡುಮಕ್ಕಳಿದ್ರೆ ಮುಂಚೇನೇ ಹೇಳಿಟ್ಟಿರಿ.

ಎಮರ್ಜೆನ್ಸಿಲಿ ಮೊದಲು ಬಂದವರಿಗೆ ಮೊದಲು ಅನ್ನೋ ಪದ್ಧತಿ ಇಲ್ಲ. ಯಾರ ಸ್ಥಿತಿ ಹೆಚ್ಚು ಗಂಭೀರ ಅಂತ ವಿಂಗಡಿಸ್ತಾರೆ, ಟ್ರಯಾಜ್ ಅಂತಾರೆ, ನೆಪೋಲಿಯನ್ ಸೈನ್ಯದ ಸರ್ಜನ್ ಡೊಮಿನಿಕ್ ಲಾರೆ ಪದವಿ ನೋಡದೆ ಗಾಯ ನೋಡಿ ಸೈನಿಕರಿಗೆ ಚಿಕಿತ್ಸೆ ಕೊಡೋಕೆ ಶುರು ಮಾಡಿದಾಗಿಂದ ಬೆಳೆದು ಬಂದ ಪದ್ಧತಿ. ನಿಮ್ಮನ್ನ ಕಾಯಿಸ್ತಿದಾರೆ ಅಂದ್ರೆ ನಿಮಗಿಂತ ಕಷ್ಟದಲ್ಲಿರೋರು ಒಳಗಿದಾರೆ ಅಂತ ಅರ್ಥ, ಆದ್ರೆ ಕಾಯುವಾಗ ಸ್ಥಿತಿ ಬಿಗಡಾಯಿಸಿದ್ರೆ ಎದ್ದು ಹೋಗಿ ಹೇಳಿ, ಸಂಕೋಚ ಬೇಡ.

ಆಗ್ಲೇ ಹೇಳಿದ ಮೂರನೇ ಪ್ರಶ್ನೆ ಉಪಯೋಗಕ್ಕೆ ಬರೋದು ಇಲ್ಲೇ. ಎಲ್ಲರೂ ಆರಾಮಾಗಿರುವಾಗ ಒಂದು ದಿನ ಕೂತು ಹತ್ತಿರದ ಎರಡು ಮೂರು ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ರಾತ್ರಿ ಸಿಟಿ ಸ್ಕ್ಯಾನ್ ನಡೆಯತ್ತಾ, ಸ್ಟ್ರೋಕ್ ಇಂಜೆಕ್ಷನ್ ಕೊಡ್ತೀರಾ, ಕಟ್ಕೊಂಡ ಹೃದಯದ ರಕ್ತನಾಳ ಬಿಡಿಸೋ ಆಂಜಿಯೋಪ್ಲಾಸ್ಟಿ 24 ಗಂಟೇನೂ ಇದೆಯಾ, ಮಕ್ಕಳ ಡಾಕ್ಟ್ರು ರಾತ್ರಿ ಇರ್ತಾರಾ. ಉತ್ತರ ಬರೆದು ಎಲ್ಲರ ಫೋನಲ್ಲೂ ಇಟ್ಟಿರಿ. ಐದು ನಿಮಿಷ ಹತ್ರ ಅಂತ ಹೋಗಿ ಅಲ್ಲಿಂದ ಇನ್ನೊಂದು ಕಡೆ ಕಳಿಸಿಸ್ಕೊಳ್ಳೋದ್ರಲ್ಲಿ ಹೋಗೋ ಒಂದು ಗಂಟೆ ವಾಪಸ್ ಬರಲ್ಲ.

ಫುಲ್ ಬಾಡಿ ಚೆಕಪ್ಪಾ, ಬೇಕಾದ ಟೆಸ್ಟ್ ಮಾತ್ರಾನಾ

ಹುಷಾರಾಗಿರೋರು ಎಂಬತ್ತು ಟೆಸ್ಟಿನ ಪ್ಯಾಕೇಜ್ ಮಾಡಿಸ್ಕೊಂಡು ನೆಮ್ಮದಿ ತಗೋತೀವಿ ಅಂತಾರೆ. ನಾರ್ಮಲ್ ರೇಂಜ್ ಅಂತ ಪ್ರಿಂಟ್ ಆಗಿರತ್ತಲ್ಲ, ಅದನ್ನ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 95% ಜನ ಬರೋ ಹಾಗೆ ಇಟ್ಟಿರ್ತಾರೆ, ಅಂದ್ರೆ ಏನೂ ಕಾಯಿಲೆ ಇಲ್ಲದ ನೂರು ಜನರಲ್ಲೂ ಐದು ಜನ ಹೊರಗೆ ಬೀಳ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದ್ರೆ ಗಟ್ಟಿಮುಟ್ಟಾದವನಿಗೂ ಒಂದಾದ್ರೂ ಕೆಂಪು ಅಕ್ಷರದಲ್ಲಿ ಬರೋ ಸಾಧ್ಯತೆ 64%. ಆ ಕೆಂಪು ಅಕ್ಷರದ ಹಿಂದೆ ಸ್ಕ್ಯಾನು, ಸೂಜಿ, ನಿದ್ದೆ ಇಲ್ಲದ ರಾತ್ರಿಗಳು ಶುರು.

ದಕ್ಷಿಣ ಕೊರಿಯಾದಲ್ಲಿ ಇದು ದೇಶದ ಮಟ್ಟದಲ್ಲೇ ಆಯ್ತು. ಚೆಕಪ್ ಜೊತೆ ಥೈರಾಯ್ಡ್ ಅಲ್ಟ್ರಾಸೌಂಡ್ ಸೇರಿಸಿ ಮಾಡ್ತಾ ಹೋದ್ರು, 1993ಕ್ಕೆ ಹೋಲಿಸಿದ್ರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯ್ತು, ಅದರಿಂದ ಸಾಯೋರ ಪ್ರಮಾಣ ಮಾತ್ರ ಬದಲಾಗ್ಲಿಲ್ಲ. ಜೀವನಪೂರ್ತಿ ತೊಂದರೆ ಕೊಡದೇ ಇರ್ತಿದ್ದ ಸಣ್ಣ ಗಂಟುಗಳಿಗೆ ಸಾವಿರಾರು ಜನ ಗ್ರಂಥಿ ತೆಗೆಸ್ಕೊಂಡು ಸಾಯೋವರೆಗೂ ಮಾತ್ರೆ ನುಂಗೋ ಹಾಗಾಯ್ತು.

ಲಾಭ ಇದೆ ಅಂತ ಚೆನ್ನಾಗಿ ಗೊತ್ತಿರೋ ಟೆಸ್ಟ್‌ಗಳ ಪಟ್ಟಿ ಚಿಕ್ಕದು: ಬಿಪಿ, ವಯಸ್ಸು ತೂಕ ನೋಡಿ ಶುಗರ್ ಮತ್ತು ಕೊಲೆಸ್ಟ್ರಾಲ್, ಹೆಂಗಸರಿಗೆ 30ರಿಂದ ಗರ್ಭಕಂಠದ ಕ್ಯಾನ್ಸರ್ ತರೋ ವೈರಸ್ ಇದೆಯಾ ಅಂತ ನೋಡೋ ಎಚ್‌ಪಿವಿ ಟೆಸ್ಟ್, ವಯಸ್ಸಿಗೆ ತಕ್ಕಂತೆ ಸ್ತನದ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ. ಬಿಪಿನೂ ಒಂದೇ ಸಲ ನೋಡಿ ತೀರ್ಮಾನ ಮಾಡೋದಲ್ಲ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಒರಗು ಕೊಟ್ಟು, ಕಾಲು ನೆಲಕ್ಕೂರಿ, ತೋಳು ಎದೆ ಮಟ್ಟಕ್ಕಿಟ್ಟು, ಮಾತಾಡದೆ ನೋಡಿದ್ದೇ ನಿಜವಾದ ಲೆಕ್ಕ. ಕ್ಲಿನಿಕ್ಕಲ್ಲಿ 140/90, ಮನೇಲಿ 135/85, ಬೇರೆಬೇರೆ ದಿನ ನೋಡಿದ್ರೂ ಇದಕ್ಕಿಂತ ಮೇಲಿದ್ರೆ ಡಾಕ್ಟ್ರ ಹತ್ರ ಮಾತಾಡಿ. ಲಕ್ಷಣ ಇರೋರ ಕಥೆ ಬೇರೆ, ಅವರು ಮಾಡಿಸೋದು ಚೆಕಪ್ ಅಲ್ಲ, ಕಾಯಿಲೆ ಪತ್ತೆ, ಅದನ್ನ ಮುಂದಕ್ಕೆ ಹಾಕ್ಬೇಡಿ.

ಎಲ್ಲಿಗೇ ಹೋಗಿ, ಒಂದು ಕಾಗದ ಜೊತೇಲಿರ್ಲಿ. ಹೆಸರು, ವಯಸ್ಸು, ಇರೋ ಕಾಯಿಲೆಗಳು, ತಗೊಳ್ಳೋ ಔಷಧಿಗಳ ಸಣ್ಣಕ್ಷರದ ಹೆಸರು ಮತ್ತು ಡೋಸ್, ಒಗ್ಗದ ಔಷಧಿ, ಆಗಿರೋ ಆಪರೇಶನ್, ಯಾರಿಗೆ ಫೋನ್ ಮಾಡ್ಬೇಕು. ಆ ಕ್ಲಿನಿಕ್ ಡಾಕ್ಟ್ರೇ ನಮ್ಮತ್ತೆಗೆ ಬರೆಸಿದ್ದು, ಅತ್ತೆ ಅದನ್ನ ನಾಲ್ಕು ಮಡಿಕೆ ಮಾಡಿ ಪರ್ಸಲ್ಲಿ ಇಟ್ಕೊಂಡಿದಾರೆ. ಮೊನ್ನೆ ರಾತ್ರಿ ಒಂದೂವರೆಗೆ ಪಕ್ಕೆ ನೋವು ತಡ್ಕೊಳ್ಳೋಕಾಗದೆ ಎಮರ್ಜೆನ್ಸಿಗೆ ಕರ್ಕೊಂಡು ಹೋದೆ. ಡ್ಯೂಟಿ ಡಾಕ್ಟ್ರು ನೋವಿನ ಇಂಜೆಕ್ಷನ್ ಹೇಳಿ ಆಗಿತ್ತು, ನರ್ಸ್ ಸಿರಿಂಜಿಗೆ ತುಂಬ್ತಿದ್ರು. ಅತ್ತೆ ನೋವಲ್ಲೇ ಪರ್ಸ್ ತೆಗೆದು ಕಾಗದ ಕೊಟ್ರು. ಆ ಹುಡುಗಿ ಬಿಡಿಸಿ ಓದಿದಳು, ಕಿಡ್ನಿ ಅನ್ನೋ ಸಾಲಿನ ಮೇಲೆ ಬೆರಳಿಟ್ಟಳು, ಸಿರಿಂಜ್ ಟ್ರೇಲಿಟ್ಟು ಒಳಗೆ ಹೋಗಿ ಡಾಕ್ಟ್ರನ್ನ ಕೇಳ್ಕೊಂಡು ಬೇರೆ ಔಷಧಿ ತಂದಳು.